ಕೊವಾಸ್‌ಜಿಯ ಮೂಗು ಮತ್ತು ಮೈಸೂರಿನ ರೇಷ್ಮೆ

ಪುಣೆಗೂ ಕನ್ನಡ ನಾಡಿಗೂ ಇರುವ ನಂಟಿನ ಮಾತು ಬಂದಾಗ ನಮ್ಮಲ್ಲಿ ಕೆಲವರು ಪೇಶ್ವೆಯರ ದಂಡಯಾತ್ರೆಗಳನ್ನು ನೆನೆಯುತ್ತಾರೆ; ಸಂಗೀತದ ಒಲವುಳ್ಳವರು ಗದಗಿನ ಕಡೆಯಿಂದ ಬಂದು ಇಲ್ಲಿ ಮನೆ ಮಾಡಿದ ಭೀಮಸೇನ ಜೋಶಿಯವರನ್ನು ನೆನೆಯುತ್ತಾರೆ. ನಾನು ಹೇಳಹೊರಟಿರುವುದು ಇವೆರಡಕ್ಕೂ ಹೊರತಾದ ಸಂಗತಿ. ಅದರಲ್ಲಿ ಒಂದು ಮೂಗಿನ ಕಥೆಯಿದೆ, ಒಂದು ದಾರದ ಕಥೆಯಿದೆ. ಕಡಿದುಹೋದ ಮಾಂಸವನ್ನು ಮತ್ತೆ ಕೂಡಿಸುವುದು ಹೇಗೆ, ದೇಹದ ಜೀವಕೋಶಗಳಿಗೆ ‘ಇತ್ತ ಬಾ, ಇಲ್ಲಿ ನಿಲ್ಲು’ ಎಂದು ದಾರಿ ತೋರುವುದು ಹೇಗೆ ಎಂಬುದೇ ಎರಡರಲ್ಲೂ ಇರುವ ಪ್ರಶ್ನೆ. ಎರಡೂ ಕಥೆಗಳು ಶ್ರೀರಂಗಪಟ್ಟಣವನ್ನು ಹಾದು ಪುಣೆಗೆ ಬರುತ್ತವೆ ಎಂಬುದೇ ನನಗೆ ಸೋಜಿಗ.

ಮೊದಲು ಮೂಗು. ಮೂರನೆಯ ಮೈಸೂರು ಯುದ್ಧ ನಡೆದದ್ದು 1790ರಿಂದ 1792ರವರೆಗೆ. ಇಂಗ್ಲಿಷರು, ಮರಾಠರು, ನಿಜಾಮ ಮೂವರೂ ಒಂದಾಗಿ ಟಿಪ್ಪು ಸುಲ್ತಾನನ ಮೇಲೆ ಬಿದ್ದ ಯುದ್ಧ ಅದು. ಇಂಗ್ಲಿಷ್ ದಂಡಿನಲ್ಲಿ ಎತ್ತಿನ ಬಂಡಿ ಹೊಡೆಯುತ್ತಿದ್ದ ಕೊವಾಸ್‌ಜಿ ಎಂಬಾತ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕಿಬಿದ್ದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಬಿಟ್ಟರು. ಸುಮಾರು ಒಂದು ವರ್ಷ ಹಾಗೆಯೇ ಇದ್ದ ಆತನಿಗೆ ಪುಣೆಯ ಬಳಿಯ ಒಬ್ಬ ಕುಂಬಾರ, ಅಂದರೆ ಇಟ್ಟಿಗೆ ಮಾಡುವ ಜಾತಿಯವನು, ಹೊಸ ಮೂಗು ಕೂರಿಸಿದ. 1793ರ ಸುಮಾರಿಗೆ ನಡೆದ ಈ ಚಿಕಿತ್ಸೆಯನ್ನು ಇಂಗ್ಲಿಷ್ ವೈದ್ಯರಿಬ್ಬರು ಕಣ್ಣಾರೆ ಕಂಡರು. ಅದರ ವಿವರ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಅಚ್ಚಾಯಿತು. ಜೊತೆಗೆ ಕೊವಾಸ್‌ಜಿಯ ಚಿತ್ರವೂ ಬಂತು: ತಲೆಗೆ ರುಮಾಲು, ಹಣೆಯ ಮೇಲೆ ಚರ್ಮ ತೆಗೆದ ಗುರುತು, ಅದರ ಕೆಳಗೆ ಹೊಸ ಮೂಗು. ಚಿತ್ರ ಬರೆದ ಜೇಮ್ಸ್ ವೇಲ್ಸ್ ಯಾರೆಂದು ಗೊತ್ತು. ನೋಡಿದ ವೈದ್ಯರ ಹೆಸರೂ ಉಳಿದಿದೆ. ಮೂಗು ಮಾಡಿದವನ ಹೆಸರು ಮಾತ್ರ ಆ ವರದಿಯಲ್ಲಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡುವುದು ಒಳ್ಳೆಯದು. ಇದು ಯುದ್ಧ ಮುಗಿದ ಬಿಸಿಯಲ್ಲೇ ಗೆದ್ದವರ ಕಡೆಯಿಂದ ಬಂದ ವರದಿ. ಟಿಪ್ಪುವಿನ ಕ್ರೌರ್ಯದ ಸಾಕ್ಷಿಯೆಂದು ಇಂಗ್ಲೆಂಡಿನಲ್ಲಿ ಅದು ಚೆನ್ನಾಗಿ ಓಡಿತು. ಅದೇ ಯುದ್ಧದಲ್ಲಿ, 1791ರಲ್ಲಿ, ಮರಾಠ ದಂಡಿನ ಲೂಟಿಗಾರರು ಶೃಂಗೇರಿ ಮಠವನ್ನು ಸುಲಿದರು. ಮಠದ ಜೀರ್ಣೋದ್ಧಾರಕ್ಕೆ ನೆರವು ಕಳಿಸಿದವನು ಇದೇ ಟಿಪ್ಪು. ಆ ಕಾಲದ ಯಾವ ದಂಡೂ ಹೂವಿನ ದಾರಿಯಲ್ಲಿ ನಡೆಯಲಿಲ್ಲ.

ಚಿಕಿತ್ಸೆ ನಡೆದ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮೇಣವನ್ನು ತೆಳುವಾಗಿ ತಟ್ಟಿ, ಮೂಗಿನ ಮೋಟಿನ ಮೇಲಿಟ್ಟು, ಒಳ್ಳೆಯ ಮೂಗಿನ ಆಕಾರಕ್ಕೆ ತಂದರು. ಆ ಮೇಣದ ಮೂಗನ್ನು ಬಿಡಿಸಿ ಹಣೆಯ ಮೇಲೆ ಚಪ್ಪಟೆಯಾಗಿ ಹರಡಿ ಸುತ್ತಲೂ ಗೆರೆ ಎಳೆದರು. ಗೆರೆಯ ಗುಂಟ ಹಣೆಯ ಚರ್ಮವನ್ನು ಬಿಡಿಸಿದರು. ಆದರೆ ಪೂರ್ತಿ ಬಿಡಿಸಲಿಲ್ಲ, ಎರಡು ಕಣ್ಣುಗಳ ನಡುವೆ ಒಂದು ಪಟ್ಟಿಯನ್ನು ಹಾಗೆಯೇ ಉಳಿಸಿಕೊಂಡರು. ರಕ್ತ ಹರಿಯಲು ಆ ಪಟ್ಟಿಯೇ ದಾರಿ. ಮೋಟಿನ ಸುತ್ತ ಒಣಗಿದ್ದ ಹಳೆಯ ಗಾಯದ ಅಂಚನ್ನು ಹೆರೆದು ಹಸಿ ಮಾಡಿ, ಹಣೆಯಿಂದ ತಿರುಚಿ ತಂದ ಚರ್ಮದ ಅಂಚನ್ನು ಅದರೊಳಗೆ ಸಿಕ್ಕಿಸಿದರು. ಹೊಲಿಗೆ ಹಾಕಲಿಲ್ಲ. ಅದರ ಬದಲು ನೀರಿನಲ್ಲಿ ಮೆದುಮಾಡಿದ ಕಾಚನ್ನು ಬಟ್ಟೆಯ ಪಟ್ಟಿಗಳಿಗೆ ಬಳಿದು, ಐದಾರು ಪಟ್ಟಿಗಳನ್ನು ಒಂದರ ಮೇಲೊಂದು ಕೂಡುವ ಜಾಗಕ್ಕೆ ಅಂಟಿಸಿದರು. ಕಗ್ಗಲಿ ಮರದ ತಿರುಳಿನಿಂದ ತೆಗೆಯುವ, ನಮ್ಮ ಅಜ್ಜಂದಿರು ವೀಳ್ಯಕ್ಕೆ ಹಾಕಿಕೊಳ್ಳುತ್ತಿದ್ದ ಅದೇ ಕಾಚು. ರೋಗಿ ಐದಾರು ದಿನ ಅಂಗಾತ ಮಲಗಿರಬೇಕು. ಹತ್ತನೆಯ ದಿನ ಹೊಳ್ಳೆಗಳಲ್ಲಿ ಮೆತ್ತನೆಯ ಬಟ್ಟೆಯ ತುಣುಕು ಇಟ್ಟರು. ಸುಮಾರು 25ನೆಯ ದಿನ, ಕಣ್ಣುಗಳ ನಡುವೆ ಉಳಿಸಿದ್ದ ಪಟ್ಟಿಯನ್ನು ಕತ್ತರಿಸಿದರು. ಅಷ್ಟರಲ್ಲಿ ಹೊಸ ಮೂಗು ತನ್ನ ಜಾಗದ ರಕ್ತವನ್ನೇ ಉಂಡು ಬದುಕಲು ಕಲಿತಿತ್ತು.

ಸುಶ್ರುತ ಸಂಹಿತೆಯಲ್ಲೂ ಮೂಗು ಕೂಡಿಸುವ ಕ್ರಮ ಇದೆ. ಅಲ್ಲಿ ಅಳತೆಗೆ ಮೇಣದ ಬದಲು ಎಲೆ, ಚರ್ಮ ಕೆನ್ನೆಯದು. ಹಣೆಯ ಚರ್ಮ ಬಳಸುವ ರೂಢಿ ನಡುವೆ ಎಲ್ಲೋ ಬೆಳೆದು ಬಂತು. ಪತ್ರಿಕೆಯಲ್ಲಿ ಓದಿದ ಈ ಸಂಗತಿಯನ್ನು ಹಿಡಿದು ಲಂಡನ್ನಿನ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ ವರ್ಷಗಟ್ಟಲೆ ಹೆಣಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಜೀವಂತ ರೋಗಿಗೆ ಹಾಗೆಯೇ ಮೂಗು ಕೂರಿಸಿದ. 1816ರಲ್ಲಿ ಪುಸ್ತಕ ಬರೆದ. ಯುರೋಪಿನ ರೂಪಚಿಕಿತ್ಸೆಯ ಹೊಸ ಅಧ್ಯಾಯ ಹೀಗೆ ಪುಣೆಯ ಒಬ್ಬ ಕುಂಬಾರನ ಕೈಚಳಕದಿಂದ ತೆರೆಯಿತೆಂದರೆ ಉತ್ಪ್ರೇಕ್ಷೆಯಲ್ಲ.

ಆ ಕುಂಬಾರನಿಗೆ ಜೀವಕೋಶ ಎಂಬುದು ಗೊತ್ತಿರಲಿಲ್ಲ. ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಜೀವಿಗಳೆಲ್ಲ ಕೋಶಗಳಿಂದ ಆದವು ಎಂಬ ಸಿದ್ಧಾಂತ ಬಂದದ್ದೇ 1838-39ರಲ್ಲಿ. ಆದರೆ ಹಸಿ ಅಂಚಿಗೆ ಹಸಿ ಅಂಚು ಕೂಡಬೇಕು, ಅಲುಗಾಡಬಾರದು ಎಂಬುದು ಅವನ ಬೆರಳಿಗೆ ತಿಳಿದಿತ್ತು. ಏಕೆ ಎಂಬುದಕ್ಕೆ ಇಂದಿನ ಉತ್ತರ ಹೀಗಿದೆ. ಗಾಯದಲ್ಲಿ ರಕ್ತ ಹೆಪ್ಪುಗಟ್ಟಿದಾಗ ಫೈಬ್ರಿನ್ ಎಂಬ ಪ್ರೋಟೀನು ಬಲೆಯಂತೆ ಹರಡಿಕೊಳ್ಳುತ್ತದೆ. ಅದರ ಎಳೆಗಳ ದಪ್ಪ 100 ನ್ಯಾನೋಮೀಟರಿನ ಆಸುಪಾಸು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರು. ನಮ್ಮ ತಲೆಗೂದಲು ಸುಮಾರು 80,000 ನ್ಯಾನೋಮೀಟರು ದಪ್ಪ. ಗಾಯ ತುಂಬುವ ಕೋಶಗಳು ಈ ಬಲೆಯ ಎಳೆಗಳನ್ನು ಹಿಡಿದುಕೊಂಡು, ಹಗ್ಗದ ಸೇತುವೆ ದಾಟುವವರಂತೆ ಅತ್ತಿಂದಿತ್ತ ಸಾಗುತ್ತವೆ. ಸಾಗುತ್ತ ಕೊಲಾಜೆನ್ ಎಂಬ ಗಟ್ಟಿ ನಾರನ್ನು ನೇಯುತ್ತವೆ. ಅಂಚು ಅಲುಗಾಡಿದರೆ ಸೇತುವೆ ಹರಿಯುತ್ತದೆ. ಕಾಚಿನ ಪಟ್ಟಿಗಳ ಕೆಲಸ ಆ ಸೇತುವೆಯನ್ನು ಹರಿಯಗೊಡದಿರುವುದು.

ಕೋಶಕ್ಕೆ ನಡೆಯಲು ನೆಲ ಬೇಕು ಎಂಬುದನ್ನು ಪ್ರಯೋಗದಿಂದ ತೋರಿಸಿದವರು ಅಮೆರಿಕದ ರಾಸ್ ಹ್ಯಾರಿಸನ್. 1907ರಲ್ಲಿ ಅವರು ಕಪ್ಪೆಯ ಭ್ರೂಣದ ನರದ ಚೂರನ್ನು ದೇಹದ ಹೊರಗೆ, ಕಪ್ಪೆಯದೇ ದುಗ್ಧರಸದ ಹನಿಯೊಂದರಲ್ಲಿ ಇಟ್ಟು, ನರತಂತು ಬೆಳೆಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಕೋಶಗಳನ್ನು ಗಾಜಿನಲ್ಲಿ ಸಾಕುವ ವಿದ್ಯೆಯ ಹುಟ್ಟು ಅದು. ಅನಂತರ ಅವರಿಗೆ ಬೇರೊಂದು ಅನುಮಾನ ಬಂತು: ಬರಿಯ ದ್ರವದಲ್ಲಿ ಕೋಶ ಚಲಿಸಬಲ್ಲುದೇ, ಅಥವಾ ಆತುಕೊಳ್ಳಲು ಏನಾದರೂ ಬೇಕೇ? ಪರೀಕ್ಷಿಸಲು ಅವರು ಹುಡುಕಿಕೊಂಡದ್ದು ಜೇಡರ ಬಲೆಯನ್ನು. ಬಲೆಯ ಎಳೆಗಳನ್ನು ಹಾಸಿ ಅದರ ಮೇಲೆ ಭ್ರೂಣದ ಚೂರುಗಳನ್ನಿಟ್ಟರು. ಕೋಶಗಳು ಎಳೆಗಳಿಗೆ ಆತುಕೊಂಡು ಉದ್ದಕ್ಕೆ ಚಾಚಿ, ಎಳೆ ಹೋದತ್ತ ಹೋದವು. ಅವರ ಆ ಬರಹ ಅಚ್ಚಾದದ್ದು 1914ರಲ್ಲಿ. ಮೂಲೆಯ ಜೇಡ ಪ್ರಯೋಗಾಲಯದ ಉಪಕರಣವಾದ ಈ ಸಂಗತಿ ನನಗೆ ತುಂಬ ಮೆಚ್ಚಿಗೆ. ಇಂದು ‘ಪ್ರಕೃತಿಯಿಂದ ಕಲಿತ ಸೂಕ್ಷ್ಮ ರಚನೆಗಳು’ ಎಂದು ದೊಡ್ಡ ದೊಡ್ಡ ಸಮ್ಮೇಳನಗಳು ನಡೆಯುತ್ತವಲ್ಲ, ಅದರ ಬೀಜ ಅಲ್ಲಿತ್ತು. 1940ರ ದಶಕದಲ್ಲಿ ಪಾಲ್ ವೈಸ್ ಎಂಬ ವಿಜ್ಞಾನಿ ಇದಕ್ಕೆ ‘ಸ್ಪರ್ಶದ ದಾರಿತೋರಿಕೆ’ ಎಂಬರ್ಥದ ಹೆಸರನ್ನು ಕೊಟ್ಟರು.

ಕೋಶ ದಾರಿಯನ್ನಷ್ಟೇ ಅಲ್ಲ, ನೆಲದ ಗಡಸನ್ನೂ ಅರಿಯುತ್ತದೆ ಎಂಬುದು ಸ್ಪಷ್ಟವಾದದ್ದು 2006ರಲ್ಲಿ. ಆಡಂ ಎಂಗ್ಲರ್, ಶಮೀಕ್ ಸೇನ್ ಮತ್ತು ಸಂಗಡಿಗರು ಒಂದೇ ಬಗೆಯ ಮೂಲಕೋಶಗಳನ್ನು ಬೇರೆ ಬೇರೆ ಗಡಸಿನ ಹಾಸಿನ ಮೇಲೆ ಬೆಳೆಸಿದರು. ಮಿದುಳಿನಷ್ಟು ಮೆತ್ತನೆಯ ಹಾಸಿನ ಮೇಲಿನ ಕೋಶ ನರಕೋಶದ ಕಡೆಗೆ ವಾಲಿತು. ಸ್ನಾಯುವಿನಷ್ಟು ಬಿಗಿಯಾದ ಹಾಸಿನಲ್ಲಿ ಸ್ನಾಯುವಿನ ಕಡೆಗೆ, ಅದಕ್ಕಿಂತ ಗಡುಸಾದದ್ದರಲ್ಲಿ ಮೂಳೆಯ ಕಡೆಗೆ. ಕೋಶದ ಮೈಮೇಲೆ ಹೊರಗಿನ ನಾರನ್ನು ಹಿಡಿಯುವ ಪ್ರೋಟೀನುಗಳಿವೆ. ಅವುಗಳಿಂದ ಅದು ನೆಲವನ್ನು ಎಳೆದೆಳೆದು ನೋಡುತ್ತದೆ; ನಮ್ಮ ರೈತ ಹೊಲದ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ನೋಡುವ ಹಾಗೆ. ಈ ಶಮೀಕ್ ಸೇನ್ ಆಮೇಲೆ ಮುಂಬಯಿಯ ಐ.ಐ.ಟಿ.ಯಲ್ಲಿ ಪ್ರಾಧ್ಯಾಪಕರಾದರು.

ಇನ್ನು ದಾರದ ಕಥೆ. ಕೊವಾಸ್‌ಜಿಯ ಮೂಗು ಹೋದದ್ದು ಯಾರ ದಂಡಿನಿಂದಲೋ, ಮೈಸೂರಿಗೆ ರೇಷ್ಮೆ ಹುಳುವನ್ನು ತರಿಸಿದವನೂ ಅದೇ ಟಿಪ್ಪು. ಬಂಗಾಳಕ್ಕೆ ಆಳುಗಳನ್ನು ಕಳಿಸಿ ಹುಳುವನ್ನೂ ಮೊಟ್ಟೆಯನ್ನೂ ತರಿಸಿದ ವಿಚಾರ 1786ರ ಅವನ ಪತ್ರದಲ್ಲಿದೆ. ಆ ಪತ್ರಗಳನ್ನು ಕರ್ಕ್‌ಪ್ಯಾಟ್ರಿಕ್ ಎಂಬ ಇಂಗ್ಲಿಷ್ ಅಧಿಕಾರಿ 1811ರಲ್ಲಿ ಅಚ್ಚುಮಾಡಿಸಿದ. 1890ರ ದಶಕದಲ್ಲಿ ಜೆಮ್‌ಶೆಟ್‌ಜಿ ಟಾಟಾ ಅವರು ಜಪಾನಿನ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿದ್ದು, 1940ರ ದಶಕದ ಕೊನೆಯಲ್ಲಿ ಕೇಂದ್ರ ರೇಷ್ಮೆ ಮಂಡಳಿ ಬಂದದ್ದು, 1961ರಲ್ಲಿ ಮೈಸೂರಿನ ಸಂಶೋಧನಾ ಸಂಸ್ಥೆ ತೆರೆದದ್ದು ಎಲ್ಲ ಆಮೇಲಿನವು. ರಾಮನಗರದ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಕಂಡವರಿಗೆ ಅದರ ವಾಸನೆಯನ್ನು ಬೇರೆ ನೆನಪಿಸಬೇಕಾಗಿಲ್ಲ.

ಆ ಕಡೆಯ ಮನೆಗಳಿಂದ ಬಂದವರಿಗೆ ಗೊತ್ತು: ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಅದನ್ನು ನಮ್ಮವರು ‘ಜ್ವರ’ ಎನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದ ಮೇಲೆ ಹಿಪ್ಪುನೇರಳೆ ಸೊಪ್ಪನ್ನು ಮುಕ್ಕಿ ಮುಕ್ಕಿ, ಮಳೆ ಬಿದ್ದ ಸದ್ದು ಮಾಡುತ್ತ ತಿಂದು, ಹಣ್ಣಾಗಿ, ಚಂದ್ರಿಕೆಗೆ ಏರುತ್ತದೆ. ಅಲ್ಲಿ ಎರಡು ಮೂರು ದಿನ ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತ ಗೂಡು ಕಟ್ಟುತ್ತದೆ. ಅದರ ಬಾಯಿಂದ ಬರುವುದು ಜೋಡಿ ಎಳೆ. ಒಂದೊಂದೂ ಸುಮಾರು ಮಿಲಿಮೀಟರಿನ ನೂರರಲ್ಲಿ ಒಂದು ಪಾಲು ದಪ್ಪ. ಎಳೆಯ ತಿರುಳು ಫೈಬ್ರಾಯಿನ್ ಎಂಬ ಪ್ರೋಟೀನು. (ರಕ್ತದ ಫೈಬ್ರಿನ್ನಿಗೂ ಇದಕ್ಕೂ ಹೆಸರಿನಲ್ಲಷ್ಟೇ ಹೋಲಿಕೆ.) ಮೇಲೆ ಬಳಿದದ್ದು ಸೆರಿಸಿನ್ ಎಂಬ ಗೋಂದು. ಹುಳುವಿನ ಹೊಟ್ಟೆಯಲ್ಲಿ ನೀರಿನಲ್ಲಿ ಕರಗಿದ ಅಂಟಾಗಿದ್ದದ್ದು ಎಳೆಯುತ್ತಿದ್ದಂತೆ ಗಟ್ಟಿ ನೂಲಾಗುತ್ತದೆ. ನೈಲಾನ್ ಮಾಡಲು ರಸಾಯನಶಾಸ್ತ್ರಜ್ಞ ಕುಲುಮೆ ಉರಿಸಬೇಕು; ಹುಳುವಿಗೆ ಸೊಪ್ಪು ಸಾಕು.

ಗಾಯ ಹೊಲಿಯಲು ರೇಷ್ಮೆಯನ್ನು ಬಳಸುವುದು ಬಹಳ ಹಳೆಯ ರೂಢಿ. 20ನೆಯ ಶತಮಾನದ ಮೊದಲಲ್ಲಿ ಅಮೆರಿಕದ ಹಾಲ್‌ಸ್ಟೆಡ್‌ರಂಥ ಶಸ್ತ್ರವೈದ್ಯರು ನವಿರಾದ ರೇಷ್ಮೆ ದಾರವೇ ಮೇಲು ಎಂದರು. ಗಂಟು ಜಾರದು, ಕೈಗೆ ಹಿತ. ಆದರೆ ಕಾಲಕ್ರಮದಲ್ಲಿ ಅದರ ಮೇಲೆ ದೂರು ಬಂತು. ಕೆಲವರಿಗೆ ಹೊಲಿಗೆಯ ಸುತ್ತ ಕೆಂಪಾಗುತ್ತಿತ್ತು, ಊದಿಕೊಳ್ಳುತ್ತಿತ್ತು. ರೇಷ್ಮೆ ದೇಹಕ್ಕೆ ಒಗ್ಗದು ಎಂಬ ಮಾತು ಹಬ್ಬಿತು. ಪರೀಕ್ಷಿಸುತ್ತ ಹೋದಂತೆ ತಪ್ಪಿನ ಹೆಚ್ಚಿನ ಪಾಲು ನೂಲಿನದಲ್ಲ, ಸರಿಯಾಗಿ ತೆಗೆಯದೆ ಉಳಿದ ಗೋಂದಿನದು ಎಂದು ಕಂಡುಬಂತು. ವಿಚಿತ್ರವೆಂದರೆ ಆ ಗೋಂದು ಒಂಟಿಯಾಗಿ ಅಷ್ಟು ಉಪದ್ರವ ಕೊಡುವುದಿಲ್ಲ; ನೂಲಿನ ಜೊತೆ ಸೇರಿದಾಗಲೇ ಅದರ ಕಾಟ. ಗೋಂದು ಬಿಡಿಸುವುದನ್ನು ನಮ್ಮ ನೇಕಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಚ್ಚಾ ರೇಷ್ಮೆಯನ್ನು ಸೋಪು, ಸೋಡ ಹಾಕಿ ಕುದಿಸುತ್ತಾರೆ. ತೂಕದಲ್ಲಿ ಸುಮಾರು ಕಾಲು ಭಾಗ ಹೋಗುತ್ತದೆ, ಹೊಳಪು ಬರುತ್ತದೆ. ಸೀರೆಯ ಹೊಳಪಿಗಾಗಿ ಮಾಡುತ್ತಿದ್ದ ಕೆಲಸವೇ ದೇಹದೊಳಗೆ ಇಡುವ ವಸ್ತುವಿಗೂ ಮೊದಲ ಮೆಟ್ಟಿಲಾಯಿತು. ದಾರದ ಮೇಲಿನ ಆರೋಪ ಗೋಂದಿನ ಮೇಲೆ ಹೋಗದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

ಪುಣೆಗೆ ಮರಳೋಣ. ಈ ಊರಿನಲ್ಲಿ ಕೋಶ ಸಾಕುವ ವಿದ್ಯೆ ಬೇರೂರಿದ್ದು ವೈರಾಣುಗಳ ಹಿಂದೆ ಬಿದ್ದವರಿಂದ. 1952ರಲ್ಲಿ ಇಲ್ಲಿ ವೈರಸ್ ರಿಸರ್ಚ್ ಸೆಂಟರ್ ತೆರೆಯಿತು. 1978ರಲ್ಲಿ ಅದಕ್ಕೆ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ವೈರಾಲಜಿ ಎಂಬ ಹೆಸರಾಯಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಹಿಂದೆಯೇ ಜನ ಜ್ವರದಲ್ಲಿ ಮಲಗಿದಾಗ ಅದರ ವೈರಾಣುವನ್ನು ಹಿಡಿದವರು ಇಲ್ಲಿಂದ ಹೋದವರೇ. ಮಲೆನಾಡಿನವರು ಅದನ್ನು ಇಂದಿಗೂ ಮಂಗನ ಕಾಯಿಲೆ ಎನ್ನುತ್ತಾರೆ. ಇದೇ ಸಂಸ್ಥೆಯ ಕೆ.ಆರ್.ಪಿ. ಸಿಂಗ್ ಸೊಳ್ಳೆಯ ಮರಿಗಳ ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ತಲೆಮಾರು ತಲೆಮಾರು ಬೆಳೆಯುವಂತೆ ಮಾಡಿ 1967ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಪತ್ರಿಕೆ ಹೊರಡುವುದು ಬೆಂಗಳೂರಿನಿಂದ. ಡೆಂಗಿಯಂಥ ವೈರಾಣುಗಳನ್ನು ಬೆಳೆಸಲು ಜಗತ್ತಿನ ಪ್ರಯೋಗಾಲಯಗಳು ಇಂದೂ ಆ ಕೋಶಗಳ ಸಂತತಿಯನ್ನೇ ಬಳಸುತ್ತವೆ. 1980ರ ದಶಕದಲ್ಲಿ ಗಣೇಶಖಿಂಡಿನ ವಿಶ್ವವಿದ್ಯಾಲಯದ ಆವರಣದ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರಕ್ಕೂ ಅಡಿಪಾಯ ಬಿತ್ತು. ದೇಶದ ಪ್ರಯೋಗಾಲಯಗಳಿಗೆ ಕೋಶಗಳನ್ನು ಕಾಪಿಟ್ಟು ಹಂಚುವ ಕಣಜ ಅದು.

ಆದರೆ ಗಾಜು, ಪ್ಲಾಸ್ಟಿಕ್ಕು ಚಪ್ಪಟೆ ನೆಲ. ಅದರ ಮೇಲೆ ಕೋಶ ದೋಸೆಯಂತೆ ಹರಡಿಕೊಳ್ಳುತ್ತದೆ. ದೇಹದೊಳಗೆ ಅದಕ್ಕೆ ಮೇಲೂ ಕೆಳಗೂ ನಾರಿನ ಚಪ್ಪರವಿದೆ. ಅಂಥ ಚಪ್ಪರವನ್ನು ಯಾವುದರಿಂದ ಕಟ್ಟುವುದು? ಪಾಷಾಣ್ ರಸ್ತೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ, 1950ರ ಜನವರಿ 3ರಂದು ನೆಹರೂ ಅವರು ಉದ್ಘಾಟಿಸಿದ್ದು, ಇದಕ್ಕೆ ಕೊಟ್ಟ ಉತ್ತರಗಳಲ್ಲಿ ಒಂದು ರೇಷ್ಮೆ. ಅಲ್ಲಿನ ಅನುಯಾ ನಿಸಲ್ ಮತ್ತು ಸಂಗಡಿಗರು ಫೈಬ್ರಾಯಿನ್ನಿನ ಸೂಕ್ಷ್ಮ ಕಣಗಳನ್ನು ಒಂದಕ್ಕೊಂದು ಬೆಸೆದು, ನಡುನಡುವೆ ಸಂದು ಉಳಿಯುವಂಥ ಗಟ್ಟಿ ತುಣುಕುಗಳನ್ನು ಮಾಡಿ 2018ರಲ್ಲಿ ಪ್ರಕಟಿಸಿದರು. ಮೂಳೆ ಕಳೆದುಕೊಂಡ ಜಾಗದಲ್ಲಿ ಇದನ್ನಿಟ್ಟರೆ ಅದು ಭಾರ ತಾಳಬೇಕು. ಕೋಶಗಳು ಸಂದುಗಳಲ್ಲಿ ನುಗ್ಗಿ ಹೊಸ ಮೂಳೆ ಕಟ್ಟಬೇಕು. ಆ ಕೆಲಸ ಸಾಗಿದಂತೆ ರೇಷ್ಮೆ ನಿಧಾನವಾಗಿ ಕರಗಿ ಜಾಗ ಬಿಡಬೇಕು. ಬೇಗ ಕರಗಿದರೆ ಕುಸಿತ, ಕರಗದೆ ನಿಂತರೆ ಅಡ್ಡಿ. ರೇಷ್ಮೆಯಲ್ಲಿ ಈ ಹದ ಹಿಡಿಯಬಹುದು ಎಂಬುದೇ ಅದರ ಮುಖ್ಯ ಗುಣ. ಇದೇ ಕೆಲಸದಿಂದ ಸೆರಿಜೆನ್ ಮೆಡಿಪ್ರಾಡಕ್ಟ್ಸ್ ಎಂಬ ಸಣ್ಣ ಉದ್ಯಮವೂ ಪುಣೆಯಲ್ಲಿ ಹುಟ್ಟಿತು.

ಅಭಿಮಾನಕ್ಕೆ ಒಂದು ಅಂಕುಶವನ್ನೂ ಹಾಕಬೇಕು. ಕೋಶಗಳ ಹಿಡಿಗೆ ಸಿಗುವಂಥ ಒಂದು ಪುಟ್ಟ ಕೊಂಡಿ ಟಸರ್, ಮೂಗಾ ಮುಂತಾದ ಕಾಡುರೇಷ್ಮೆಗಳ ಪ್ರೋಟೀನಿನಲ್ಲಿದೆ. ನಮ್ಮ ಹಿಪ್ಪುನೇರಳೆ ರೇಷ್ಮೆಯಲ್ಲಿಲ್ಲ. ಬೇಕಾದರೆ ಮೇಲಿಂದ ಅಂಟಿಸಿಕೊಳ್ಳಬೇಕು. ಹುಳು ಬದಲಾದರೆ ನೂಲಿನ ಸ್ವಭಾವವೂ ಬದಲು.

ರೇಷ್ಮೆ ಕೋಶಕ್ಕೆ ದಾರಿಯಾದಂತೆ ಉಪಕರಣಕ್ಕೆ ಹಾಸಿಗೆಯೂ ಆಗಿದೆ. 2010ರಲ್ಲಿ ಅಮೆರಿಕದ ವಿಜ್ಞಾನಿಗಳು ರೇಷ್ಮೆಯ ತೆಳು ಹಾಳೆಯ ಮೇಲೆ ಕೂದಲಿಗಿಂತ ತೆಳುವಾದ ವಿದ್ಯುದ್ವಾರಗಳನ್ನು ಕೂರಿಸಿ ಬೆಕ್ಕಿನ ಮಿದುಳಿನ ಮೇಲಿಟ್ಟರು. ರೇಷ್ಮೆ ಕರಗಿತು, ಲೋಹದ ಜಾಲ ಮಿದುಳಿನ ಮಡಿಕೆಗಳಿಗೆ ಒದ್ದೆ ಬಟ್ಟೆಯಂತೆ ಅಂಟಿಕೊಂಡು ನರಕೋಶಗಳ ಸಂಜ್ಞೆಗಳನ್ನು ಓದಿತು. ಇತ್ತ 2012ರಲ್ಲಿ ಆಸ್ಟ್ರೇಲಿಯದವರು ಜೀರುಂಡೆಯ ರೆಕ್ಕೆಯ ಮೇಲೆ ಸುಮಾರು 200 ನ್ಯಾನೋಮೀಟರು ಎತ್ತರದ ಮೊಳೆಗಳ ಸಾಲು ಇರುವುದನ್ನೂ, ಅದರ ಮೇಲೆ ಕುಳಿತ ಬ್ಯಾಕ್ಟೀರಿಯ ಯಾವ ಔಷಧವೂ ಇಲ್ಲದೆ ಒಡೆದು ಸಾಯುವುದನ್ನೂ ತೋರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೌಶಿಕ್ ಚಟರ್ಜಿಯವರ ತಂಡ ಟೈಟಾನಿಯಂ ಲೋಹದ ಮೇಲೆ ಇಂಥ ಸೂಜಿಮೊನೆಗಳನ್ನು ಕೊರೆದು, ಅದು ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ, ಆದರೆ ಮನುಷ್ಯನ ಮೂಲಕೋಶಗಳನ್ನು ಬೆಳೆಯಗೊಡುತ್ತದೆ ಎಂದು 2017ರಲ್ಲಿ ಪ್ರಕಟಿಸಿತು. ಬ್ಯಾಕ್ಟೀರಿಯ ಪುಟ್ಟದು, ಅದರ ಹೊದಿಕೆ ಬಿಗಿಯಾದದ್ದು. ನಮ್ಮ ಕೋಶ ಹಲವು ಪಟ್ಟು ದೊಡ್ಡದು, ಮೆತು, ಮೊನೆಗಳ ಮೇಲೆ ಬಾಗಿ ಕೂರಬಲ್ಲದು. ಮಂಡಿಯ ಕೀಲು ಬದಲಾಯಿಸಿಕೊಂಡ ಹಿರಿಯರು ನಮ್ಮ ಸಂಘದಲ್ಲೇ ಎಷ್ಟೋ ಮಂದಿ. ಲೋಹದ ಸುತ್ತ ಕೀವಾಗುವ ಭಯ ಏನೆಂದು ಅವರನ್ನು ಕೇಳಬೇಕು.

ಇದರಿಂದ ನಮ್ಮ ರೇಷ್ಮೆ ಬೆಳೆಗಾರನಿಗೆ ಏನು ಸಿಗುತ್ತದೆ ಎಂದು ಕೆಲವರು ಕೇಳಿಯಾರು. ಸದ್ಯಕ್ಕೆ ಹೆಚ್ಚೇನೂ ಇಲ್ಲ. ಒಂದು ಮದುವೆಯ ಸೀರೆಗೆ ಹೋಗುವ ನೂಲಿನಲ್ಲಿ ಪ್ರಯೋಗಾಲಯ ಬಹಳ ದಿನ ಕಾಲ ಹಾಕಬಲ್ಲದು. ಚೀನದ ಅಗ್ಗದ ರೇಷ್ಮೆ ಬಂದು ಗೂಡಿನ ಬೆಲೆ ಬಿದ್ದ ವರ್ಷಗಳಲ್ಲಿ ಹಿಪ್ಪುನೇರಳೆ ಗಿಡ ಕಿತ್ತುಹಾಕಿದವರನ್ನು ಮೂಳೆಯ ತುಣುಕು ಉಳಿಸಲಾರದು. ಸೀರೆಯೇ ಇನ್ನೂ ಅವನ ಅನ್ನ. ಆದರೆ ನೂಲು ಬಿಚ್ಚಲು ಬಾರದ ತೂತು ಗೂಡು, ಜೋಡಿ ಗೂಡುಗಳನ್ನು ಮಾರುಕಟ್ಟೆಯಲ್ಲಿ ಕಡಿಮೆ ಬೆಲೆಗೆ ಕೇಳುತ್ತಾರಲ್ಲ, ಫೈಬ್ರಾಯಿನ್ ಕರಗಿಸುವವನಿಗೆ ನೂಲು ಉದ್ದವಾಗಿರಬೇಕೆಂಬ ಹಟವಿಲ್ಲ. ಗೂಡನ್ನು ಅವನು ಹೇಗೂ ಕತ್ತರಿಸಿಯೇ ಕುದಿಸುತ್ತಾನೆ.